ಕರೆಂಟ್ ಉಳಿಸುವ ಕಟ್ಟಡಕ್ಕೆ ಅಮೆರಿಕದಲ್ಲಿ ತೆರಿಗೆ ಕಡಿತ: ಸೆಕ್ಷನ್ 179ಡಿ ಪಡೆಯುವ ದಾರಿ

ಅಮೆರಿಕದಲ್ಲಿ ಕ್ಲಿನಿಕ್ ಕಟ್ಟಿಸಿದ, ಆಫೀಸು ಕಟ್ಟಡ ಕೊಂಡು ಹೊಸದು ಮಾಡಿಸಿದ, ಹೋಟೆಲ್ ನಡೆಸುವ ಕನ್ನಡಿಗರಿಗಾಗಿ ಈ ಬರಹ. ಒಳ್ಳೆಯ ಎಸಿ, ಎಲ್‌ಇಡಿ ದೀಪ, ದಪ್ಪ ಇನ್ಸುಲೇಷನ್ ಹಾಕಿಸುವಾಗ ನಮ್ಮ ತಲೆಯಲ್ಲಿ ಇರುವುದು ತಿಂಗಳ ಬಿಲ್ ಮಾತ್ರ. ಅದೇ ಖರ್ಚಿಗೆ ಫೆಡರಲ್ ಟ್ಯಾಕ್ಸ್‌ನಲ್ಲಿ ಡಿಡಕ್ಷನ್ ಇದೆ ಅನ್ನುವುದು ನೆನಪಾಗುವುದು ರಿಟರ್ನ್ ಹಾಕುವ ಹೊತ್ತಿಗೆ. ಆಗ ಸಿಪಿಎ (ಟ್ಯಾಕ್ಸ್ ಲೆಕ್ಕ ನೋಡುವ ಅಕೌಂಟೆಂಟ್) ಎಷ್ಟೇ ಬುದ್ಧಿವಂತರಾಗಿದ್ದರೂ ಎಲ್ಲವನ್ನೂ ಸರಿಪಡಿಸಲು ಆಗುವುದಿಲ್ಲ. ಈ ಡಿಡಕ್ಷನ್‌ನ ಐದರಲ್ಲಿ ನಾಲ್ಕು ಪಾಲು ನಿಂತಿರುವುದು ಕೆಲಸಗಾರರಿಗೆ ಕೊಟ್ಟ ಕೂಲಿಯ ಮೇಲೆ. ಅದಕ್ಕೇ ಇದನ್ನು ಕೆಲಸ ಶುರುವಾಗುವ ಮೊದಲೇ ತಿಳಿದುಕೊಂಡಿರಬೇಕು.

ಇದು ಅಮೆರಿಕದ ಆದಾಯ ತೆರಿಗೆ ಕಾನೂನಿನ ಸೆಕ್ಷನ್ 179ಡಿ. ಕಟ್ಟಡ ಅಮೆರಿಕದಲ್ಲೇ ಇರಬೇಕು. ನೀವು ಅಲ್ಲಿ ಟ್ಯಾಕ್ಸ್ ಕಟ್ಟುತ್ತೀರಿ ಅಂತ ಬೆಂಗಳೂರಿನಲ್ಲಿರುವ ನಿಮ್ಮ ಕಟ್ಟಡಕ್ಕೆ ಇದು ಸಿಗುವುದಿಲ್ಲ.

ಡಿಡಕ್ಷನ್ ಬೇರೆ, ಕ್ರೆಡಿಟ್ ಬೇರೆ ಅನ್ನುವುದನ್ನೂ ಮೊದಲೇ ಹೇಳಿಬಿಡುತ್ತೇನೆ. ಕ್ರೆಡಿಟ್ ಅಂದರೆ ಕಟ್ಟಬೇಕಾದ ಟ್ಯಾಕ್ಸ್‌ನಲ್ಲೇ ಅಷ್ಟು ಹಣ ಕಡಿಮೆಯಾಗುತ್ತದೆ. ಡಿಡಕ್ಷನ್ ಅಂದರೆ ಟ್ಯಾಕ್ಸ್ ಲೆಕ್ಕ ಹಾಕುವ ಆದಾಯ ಕಡಿಮೆಯಾಗುತ್ತದೆ. 179ಡಿ ಎರಡನೆಯ ಜಾತಿಯದು. 1 ಲಕ್ಷ ಡಾಲರ್ ಡಿಡಕ್ಷನ್ ಸಿಕ್ಕರೆ, ಶೇ 21ರ ದರದಲ್ಲಿ ಟ್ಯಾಕ್ಸ್ ಕಟ್ಟುವ ಕಾರ್ಪೊರೇಷನ್‌ಗೆ ಉಳಿಯುವುದು 21,000 ಡಾಲರ್.

ಹೆಜ್ಜೆ 1: ಎರಡು ತಾರೀಖು ಬರೆದಿಟ್ಟುಕೊಳ್ಳಿ

ಒಂದು, ಕೆಲಸ ಶುರುವಾದ ದಿನ. ಇನ್ನೊಂದು, ಕಟ್ಟಡ ಅಥವಾ ಹೊಸ ವ್ಯವಸ್ಥೆ ಬಳಕೆಗೆ ಸಿದ್ಧವಾದ ದಿನ. ಈ ಎರಡೂ ಬೇರೆ ಬೇರೆ ಪ್ರಶ್ನೆಗೆ ಉತ್ತರ ಕೊಡುತ್ತವೆ.

ಸಿದ್ಧವಾದ ದಿನದಿಂದ ಯಾವ ವರ್ಷದ ದರ ಅನ್ನುವುದು ಗೊತ್ತಾಗುತ್ತದೆ. ಶುರುವಾದ ದಿನದಿಂದ ನಿಮಗೆ ಡಿಡಕ್ಷನ್ ಇದೆಯೋ ಇಲ್ಲವೋ ಅನ್ನುವುದೇ ತೀರ್ಮಾನವಾಗುತ್ತದೆ. 179ಡಿ ಬಂದಿದ್ದು 2005ರ ಇಂಧನ ನೀತಿ ಕಾನೂನಿನಲ್ಲಿ. ಹಲವು ಸಲ ತಾತ್ಕಾಲಿಕವಾಗಿ ಮುಂದುವರಿದು, 2020ರ ಡಿಸೆಂಬರ್‌ನಲ್ಲಿ ಕಾಯಂ ಆಯಿತು. 2022ರ ಇನ್‌ಫ್ಲೇಷನ್ ರಿಡಕ್ಷನ್ ಆ್ಯಕ್ಟ್ ಇದನ್ನು ದೊಡ್ಡದು ಮಾಡಿತು. ಆದರೆ 2025ರ ಜುಲೈ 4ರಂದು ಸಹಿಯಾದ ಕಾನೂನು ಇದಕ್ಕೆ ಕೊನೆ ಹಾಡಿತು. ಕೆಲಸ ಶುರುವಾಗಿದ್ದು 2026ರ ಜೂನ್ 30ರ ನಂತರ ಆಗಿದ್ದರೆ 179ಡಿ ಇಲ್ಲ. ಆ ದಿನದೊಳಗೆ ಶುರುವಾಗಿದ್ದರೆ, ಮುಗಿಯುವುದು ಆಮೇಲಾದರೂ ಅವಕಾಶ ಇದೆ.

ಹಾಗಾಗಿ ಶುರುವಾದ ದಿನಕ್ಕೆ ಗಟ್ಟಿ ಸಾಕ್ಷಿ ಬೇಕು. ಪ್ಲಾನ್ ಬರೆಸಿದ್ದು, ಪರ್ಮಿಟ್‌ಗೆ ಅರ್ಜಿ ಹಾಕಿದ್ದು ಸಾಕು ಅಂತ ನಂಬಿ ಕೂರಬೇಡಿ. ಸೈಟಿನಲ್ಲಿ ನಿಜವಾದ ಕೆಲಸ ನಡೆದ ಫೋಟೊ, ಸಹಿಯಾದ ಕಾಂಟ್ರ್ಯಾಕ್ಟ್, ಬಿಲ್, ಹಣ ಕೊಟ್ಟ ದಾಖಲೆ, ಕಾಂಟ್ರ್ಯಾಕ್ಟರ್‌ನ ದಿನಚರಿ ಎಲ್ಲವನ್ನೂ ಒಂದೇ ಫೈಲಿನಲ್ಲಿ ಹಾಕಿ.

ಹೆಜ್ಜೆ 2: ಕಟ್ಟಡ ಅರ್ಹವೇ? ನೀವು ಅರ್ಹರೇ?

ಆಶ್ರೇ ಅಂತ ಎಸಿ, ಹೀಟಿಂಗ್ ಎಂಜಿನಿಯರ್‌ಗಳ ಸಂಘ ಇದೆ. ಅದರ 90.1 ಅನ್ನುವ ಮಾನದಂಡದ ವ್ಯಾಪ್ತಿಗೆ ಬರುವ ಕಟ್ಟಡ ಇದಕ್ಕೆ ಅರ್ಹ. ಆಫೀಸು, ಅಂಗಡಿ, ಗೋದಾಮು, ಕ್ಲಿನಿಕ್, ಹೋಟೆಲ್, ಕಾರ್ಖಾನೆ ಬರುತ್ತವೆ. ಮನೆ ಬರುವುದಿಲ್ಲ. ಬಾಡಿಗೆಯ ಅಪಾರ್ಟ್‌ಮೆಂಟ್ ಕಟ್ಟಡವಾದರೆ ನೆಲದ ಮೇಲೆ 4 ಅಥವಾ ಅದಕ್ಕಿಂತ ಜಾಸ್ತಿ ಮಹಡಿ ಇರಬೇಕು. 3 ಮಹಡಿಯದ್ದು ಇದರಲ್ಲಿ ಇಲ್ಲ.

ಲೆಕ್ಕಕ್ಕೆ ಬರುವ ವಸ್ತುಗಳು ಮೂರು ಗುಂಪು: ಒಂದು, ಒಳಗಿನ ದೀಪದ ವ್ಯವಸ್ಥೆ; ಎರಡು, ಎಸಿ, ಹೀಟಿಂಗ್, ಗಾಳಿ ಮತ್ತು ಬಿಸಿನೀರು; ಮೂರು, ಗೋಡೆ, ಚಾವಣಿ, ಕಿಟಕಿ, ಇನ್ಸುಲೇಷನ್ ಸೇರಿದ ಕಟ್ಟಡದ ಹೊರಮೈ. ಚಾವಣಿಯ ಮೇಲಿನ ಸೋಲಾರ್ ಫಲಕ ಇದರಲ್ಲಿ ಇಲ್ಲ. ಹೊರಗಿನ ಬಯಲು ಪಾರ್ಕಿಂಗ್ ಜಾಗದ ದೀಪವೂ ಇಲ್ಲ.

ಇದನ್ನು ಕೇಳುವ ಹಕ್ಕು ಆ ವಸ್ತುವಿಗೆ ಹಣ ಹಾಕಿ ಡಿಪ್ರಿಸಿಯೇಷನ್, ಅಂದರೆ ಅದರ ಬೆಲೆಯನ್ನು ವರ್ಷಗಳ ಮೇಲೆ ಹಂಚಿ ಆದಾಯದಿಂದ ಕಳೆಯುವ ಅವಕಾಶ, ಪಡೆಯುವವರದ್ದು. ಸಾಮಾನ್ಯವಾಗಿ ಅದು ಮಾಲೀಕರು. ಬಾಡಿಗೆದಾರರು ತಮ್ಮ ದುಡ್ಡಿನಲ್ಲೇ ಒಳಗಿನ ಎಸಿ, ದೀಪ ಹಾಕಿಸಿದ್ದರೆ ಅವರೂ ಕೇಳಬಹುದು. ಎಲ್‌ಎಲ್‌ಸಿ, ಪಾರ್ಟ್‌ನರ್‌ಶಿಪ್, ಎಸ್ ಕಾರ್ಪೊರೇಷನ್ ಆದರೆ ಡಿಡಕ್ಷನ್ ಕೆ-1 ಅನ್ನುವ ಪಾಲಿನ ವಿವರಪಟ್ಟಿಯ ಮೂಲಕ ಪಾಲುದಾರರಿಗೆ ಹರಿದು ಬರುತ್ತದೆ.

ಇಲ್ಲೊಂದು ಎಚ್ಚರ. ನೌಕರಿ ಮಾಡಿಕೊಂಡು, ಜೊತೆಗೆ ನಾಲ್ಕು ಜನ ಸ್ನೇಹಿತರು ಸೇರಿ ಕಟ್ಟಡ ಕೊಂಡು ಬಾಡಿಗೆಗೆ ಬಿಟ್ಟವರು ಇರುತ್ತಾರೆ, ಅಲ್ವಾ? ಅವರ ಪಾಲಿಗೆ ಬಂದ ಡಿಡಕ್ಷನ್ ಪ್ಯಾಸಿವ್ ನಷ್ಟದ ನಿಯಮಕ್ಕೆ ಸಿಕ್ಕಿಕೊಳ್ಳಬಹುದು. ಅಂದರೆ ಅದನ್ನು ಸಂಬಳದ ಆದಾಯದ ಎದುರು ಆ ವರ್ಷವೇ ಬಳಸಲು ಆಗದೆ ಮುಂದಿನ ವರ್ಷಗಳಿಗೆ ತಳ್ಳಬೇಕಾಗುತ್ತದೆ. ಎಂಜಿನಿಯರ್ ಲೆಕ್ಕಕ್ಕೆ ಹಣ ಸುರಿಯುವ ಮೊದಲೇ ಸಿಪಿಎ ಹತ್ತಿರ ಈ ಒಂದು ಪ್ರಶ್ನೆ ಕೇಳಿ.

ಹೆಜ್ಜೆ 3: ಮೊತ್ತ ಅಂದಾಜು ಮಾಡಿ, ಅದರ ಬೆಲೆ ತೂಗಿ

2023ರಿಂದ ಲೆಕ್ಕ ಹೀಗಿದೆ. ಇಂಧನ ವೆಚ್ಚದಲ್ಲಿ ಶೇ 25 ಉಳಿತಾಯ ತೋರಿಸಿದರೆ (ಯಾವುದಕ್ಕೆ ಹೋಲಿಸಿ ಅನ್ನುವುದು ಹೆಜ್ಜೆ 5ರಲ್ಲಿದೆ) ಚದರ ಅಡಿಗೆ ಕನಿಷ್ಠ ದರ. ಅಲ್ಲಿಂದ ಒಂದೊಂದು ಶೇಕಡಾಂಶಕ್ಕೂ ದರ ಏರುತ್ತದೆ. ಶೇ 50ಕ್ಕೆ ಗರಿಷ್ಠ. ಶೇ 25ಕ್ಕಿಂತ ಕಡಿಮೆಯಾದರೆ ಸೊನ್ನೆ. ಹಣದುಬ್ಬರಕ್ಕೆ ತಕ್ಕಂತೆ ದರ ಪ್ರತಿ ವರ್ಷ ಬದಲಾಗುತ್ತದೆ. 2025ರಲ್ಲಿ ಸಿದ್ಧವಾದ ಕಟ್ಟಡಕ್ಕೆ ಮೂಲ ದರ ಚದರ ಅಡಿಗೆ 0.58ರಿಂದ 1.16 ಡಾಲರ್. ಹೆಜ್ಜೆ 4ರಲ್ಲಿ ಹೇಳುವ ಕೂಲಿಯ ನಿಯಮ ಪಾಲಿಸಿದ್ದರೆ 2.90ರಿಂದ 5.81 ಡಾಲರ್. 2024ಕ್ಕೆ ಇದೇ ದರಗಳು 0.57ರಿಂದ 1.13 ಮತ್ತು 2.83ರಿಂದ 5.65 ಡಾಲರ್.

40,000 ಚದರ ಅಡಿಯ ಹೊಸ ಹೋಟೆಲ್, 2025ರಲ್ಲಿ ಸಿದ್ಧವಾಗಿದೆ, ಶೇ 50 ಉಳಿತಾಯ ಇದೆ ಅಂತ ಇಟ್ಟುಕೊಳ್ಳಿ. ಕೂಲಿಯ ನಿಯಮ ಪಾಲಿಸಿದ್ದರೆ ಡಿಡಕ್ಷನ್ 2,32,400 ಡಾಲರ್. ಪಾಲಿಸದಿದ್ದರೆ 46,400 ಡಾಲರ್. ಕಟ್ಟಡ ಅದೇ, ಯಂತ್ರ ಅದೇ. ಬದಲಾಗಿದ್ದು ಕೂಲಿ ಪಟ್ಟಿ ಮಾತ್ರ.

ಈ ಮೊತ್ತ ಆ ವ್ಯವಸ್ಥೆಗಳಿಗೆ ನೀವು ಮಾಡಿದ ಖರ್ಚನ್ನು ಮೀರುವಂತಿಲ್ಲ. ಅದೇ ಕಟ್ಟಡಕ್ಕೆ ಹಿಂದಿನ 3 ವರ್ಷದಲ್ಲಿ ಇದೇ ಡಿಡಕ್ಷನ್ ಪಡೆದಿದ್ದರೆ ಅದನ್ನೂ ಗರಿಷ್ಠ ಮಿತಿಯಿಂದ ಕಳೆಯಬೇಕು.

ಈಗ ಮುಖ್ಯವಾದ ಮಾತು. 179ಡಿ ಪಡೆದಷ್ಟೂ ಕಟ್ಟಡದ ಬೇಸಿಸ್, ಅಂದರೆ ಡಿಪ್ರಿಸಿಯೇಷನ್ ಲೆಕ್ಕ ಹಾಕುವ ಮೂಲ ಬೆಲೆ, ಕಡಿಮೆಯಾಗುತ್ತದೆ. ಹಾಗಾಗಿ ಮಾಲೀಕರಿಗೆ ಇದು ಪುಕ್ಕಟೆ ಹಣ ಅಲ್ಲ. ಮುಂದೆ ಹನಿ ಹನಿಯಾಗಿ ಬರಬೇಕಿದ್ದ ಡಿಡಕ್ಷನ್ ಈಗಲೇ ಒಟ್ಟಿಗೆ ಬರುತ್ತದೆ, ಅಷ್ಟೇ. ಆ "ಅಷ್ಟೇ" ಎಷ್ಟು ದೊಡ್ಡದು ಅನ್ನುವುದು ಆ ವಸ್ತುವಿನ ಡಿಪ್ರಿಸಿಯೇಷನ್ ಅವಧಿಯ ಮೇಲೆ ಹೋಗುತ್ತದೆ. ವಾಣಿಜ್ಯ ಕಟ್ಟಡಕ್ಕೆ ಅವಧಿ 39 ವರ್ಷ. ಮೇಲಿನ 2,32,400 ಡಾಲರ್ 39 ವರ್ಷಕ್ಕೆ ಹಂಚಿದರೆ ವರ್ಷಕ್ಕೆ ಸುಮಾರು 5,960 ಡಾಲರ್. ಅದು ಮೊದಲ ವರ್ಷವೇ ಪೂರ್ತಿ ಸಿಗುವುದಾದರೆ ಸಾಲ ತೀರಿಸುವವರಿಗೆ ದೊಡ್ಡ ಆಸರೆ.

ಆದರೆ ಹಳೆಯ ಕಟ್ಟಡದ ಒಳಗೆ ಬರೀ ದೀಪ ಬದಲಿಸಿದ್ದೀರಿ ಅಂದುಕೊಳ್ಳಿ. ಅಂಥ ಒಳಾಂಗಣ ಸುಧಾರಣೆಗೆ ಬೋನಸ್ ಡಿಪ್ರಿಸಿಯೇಷನ್, ಅಂದರೆ ಖರ್ಚಿನ ದೊಡ್ಡ ಪಾಲನ್ನು ಮೊದಲ ವರ್ಷವೇ ಕಳೆಯುವ ಅವಕಾಶ, ಸಿಗಬಹುದು. 2025ರ ಜನವರಿ 19ರ ನಂತರ ಪಡೆದ ಅರ್ಹ ವಸ್ತುಗಳಿಗೆ ಅದು ಮತ್ತೆ ಶೇ 100 ಆಗಿದೆ. ಸಣ್ಣ ಉದ್ಯಮಕ್ಕೆ ಸೆಕ್ಷನ್ 179 ಅಂತ ಇನ್ನೊಂದು ದಾರಿಯೂ ಇದೆ. ಹೆಸರು ಒಂದೇ ಥರ ಕೇಳಿಸಿದರೂ 179ಡಿಗೂ ಅದಕ್ಕೂ ಸಂಬಂಧ ಇಲ್ಲ. ಅದರಲ್ಲಿ ಹಳೆಯ ವಾಣಿಜ್ಯ ಕಟ್ಟಡದ ಚಾವಣಿ ಮತ್ತು ಎಸಿ ಖರ್ಚನ್ನು ಮಿತಿಯೊಳಗೆ ಮೊದಲ ವರ್ಷವೇ ಕಳೆಯಬಹುದು. ಪೂರ್ತಿ ಖರ್ಚು ಹೇಗೂ ಮೊದಲ ವರ್ಷ ಕಳೆದುಹೋಗುವುದಾದರೆ 179ಡಿಗೆ ಒದ್ದಾಡುವುದರಲ್ಲಿ ಅರ್ಥವಿಲ್ಲ.

ನನ್ನ ಅಭಿಪ್ರಾಯ ಇಷ್ಟು. ದೊಡ್ಡ ಹೊಸ ಕಟ್ಟಡ ಅಥವಾ ಎಲ್ಲವನ್ನೂ ಕಿತ್ತು ಹೊಸದಾಗಿ ಮಾಡಿದ ಕಟ್ಟಡವಾದರೆ ಬಿಡಬೇಡಿ. 5,000 ಚದರ ಅಡಿಯ ಕ್ಲಿನಿಕ್, ಕೂಲಿ ದಾಖಲೆ ಇಲ್ಲ, ಶೇ 25 ಉಳಿತಾಯ ಅಂದರೆ ಡಿಡಕ್ಷನ್ 2,900 ಡಾಲರ್. ಶೇ 37ರ ದರದಲ್ಲೂ ಉಳಿಯುವುದು 1,073 ಡಾಲರ್. ಎಂಜಿನಿಯರ್ ಫೀಸ್ ಕೊಟ್ಟ ಮೇಲೆ ಏನೂ ಮಿಗದೇ ಇರಬಹುದು. ಅಂಥ ಕಡೆ ಸುಮ್ನೆ ಬಿಟ್ಟುಬಿಡುವುದೇ ಒಳ್ಳೆಯದು. ಕಟ್ಟಡವನ್ನೇ ನೋಡದೆ "ಇಷ್ಟು ಗ್ಯಾರಂಟಿ ಕೊಡಿಸುತ್ತೇವೆ" ಅಂತ ಫೋನ್ ಮಾಡುವವರಿಂದ ದೂರ ಇರಿ.

ರಾಜ್ಯದ ಟ್ಯಾಕ್ಸ್ ಲೆಕ್ಕ ಬೇರೆ. ಉದಾಹರಣೆಗೆ ಕ್ಯಾಲಿಫೋರ್ನಿಯಾ ಈ ಡಿಡಕ್ಷನ್ ಒಪ್ಪುವುದಿಲ್ಲ. ಬೇ ಏರಿಯಾದಲ್ಲಿ ಕಟ್ಟಡ ಇರುವವರು ಫೆಡರಲ್ ಉಳಿತಾಯ ಮಾತ್ರ ಲೆಕ್ಕಕ್ಕೆ ಹಿಡಿಯಬೇಕು.

ಹೆಜ್ಜೆ 4: ಕೂಲಿ ಮತ್ತು ಅಪ್ರೆಂಟಿಸ್ ನಿಯಮ

ಐದು ಪಟ್ಟು ದರ ಬೇಕಾದರೆ ಎರಡು ನಿಯಮ ಪಾಲಿಸಬೇಕು. ಕೆಲಸ 2023ರ ಜನವರಿ 29ಕ್ಕೆ ಮೊದಲೇ ಶುರುವಾಗಿದ್ದರೆ ಇವು ಅನ್ವಯಿಸುವುದಿಲ್ಲ, ದೊಡ್ಡ ದರ ಹಾಗೇ ಸಿಗುತ್ತದೆ. ಉಳಿದವರೆಲ್ಲ ಮುಂದೆ ಓದಿ.

ಮೊದಲನೆಯದು ಕೂಲಿ. ಆ ಊರಿನಲ್ಲಿ ಆ ಕೆಲಸಕ್ಕೆ ಅಮೆರಿಕದ ಕಾರ್ಮಿಕ ಇಲಾಖೆ ಗೊತ್ತುಮಾಡಿದ ದರಕ್ಕಿಂತ ಕಡಿಮೆ ಕೊಡುವಂತಿಲ್ಲ. ಎಲೆಕ್ಟ್ರಿಷಿಯನ್‌ಗೆ ಒಂದು ದರ, ಪ್ಲಂಬರ್‌ಗೆ ಇನ್ನೊಂದು. ಇವು ಸ್ಯಾಮ್ ಡಾಟ್ ಗವ್ ತಾಣದಲ್ಲಿ ಕೌಂಟಿವಾರು ಸಿಗುತ್ತವೆ. ನಿಯಮ ನಿಮ್ಮ ಕಾಂಟ್ರ್ಯಾಕ್ಟರ್‌ಗೆ ಮಾತ್ರವಲ್ಲ, ಅವರ ಕೆಳಗಿನ ಸಬ್ ಕಾಂಟ್ರ್ಯಾಕ್ಟರ್‌ಗಳಿಗೂ ಅನ್ವಯಿಸುತ್ತದೆ. ನಿಮ್ಮದೇ ಕೆಲಸಗಾರರನ್ನು ಹಚ್ಚಿದ್ದರೆ ಅವರಿಗೂ.

ಎರಡನೆಯದು ಅಪ್ರೆಂಟಿಸ್. ಒಟ್ಟು ಕೆಲಸದ ಗಂಟೆಗಳಲ್ಲಿ ಒಂದು ಪಾಲನ್ನು ನೋಂದಾಯಿತ ತರಬೇತಿ ಕಾರ್ಯಕ್ರಮದ ಅಪ್ರೆಂಟಿಸ್‌ಗಳು ಮಾಡಬೇಕು. ಕೆಲಸ 2023ರಲ್ಲಿ ಶುರುವಾಗಿದ್ದರೆ ಶೇ 12.5. ಆಮೇಲೆ ಶುರುವಾಗಿದ್ದರೆ ಶೇ 15. ನಾಲ್ಕು ಅಥವಾ ಜಾಸ್ತಿ ಕೆಲಸಗಾರರನ್ನು ಹಚ್ಚಿದ ಪ್ರತಿ ಕಾಂಟ್ರ್ಯಾಕ್ಟರ್ ಒಬ್ಬ ಅಪ್ರೆಂಟಿಸ್‌ನನ್ನಾದರೂ ಇಟ್ಟುಕೊಳ್ಳಬೇಕು. ಎಲ್ಲೂ ಅಪ್ರೆಂಟಿಸ್ ಸಿಗಲಿಲ್ಲವೇ? ನೋಂದಾಯಿತ ಕಾರ್ಯಕ್ರಮಕ್ಕೆ ಬರಹದಲ್ಲಿ ಕೇಳಿ. ಅವರು ಇಲ್ಲ ಅಂದರೆ, ಅಥವಾ 5 ಕೆಲಸದ ದಿನದಲ್ಲಿ ಉತ್ತರ ಕೊಡದಿದ್ದರೆ, ನೀವು ಪ್ರಾಮಾಣಿಕ ಪ್ರಯತ್ನ ಮಾಡಿದ್ದೀರಿ ಅಂತ ಕಾನೂನು ಒಪ್ಪುತ್ತದೆ. ಆ ಪತ್ರದ ಪ್ರತಿ ಜೋಪಾನ.

ಇದನ್ನೆಲ್ಲ ಕಾಂಟ್ರ್ಯಾಕ್ಟ್‌ನಲ್ಲೇ ಬರೆಸಿ. ಪ್ರತಿ ಕೆಲಸಗಾರನ ಹೆಸರು, ಕೆಲಸದ ವರ್ಗ, ಗಂಟೆ, ಗಂಟೆಗೆ ಕೊಟ್ಟ ಹಣ ಇರುವ ಪಟ್ಟಿ ವಾರವಾರವೂ ನಿಮ್ಮ ಕೈಗೆ ಬರಬೇಕು ಅಂತ ಷರತ್ತು ಹಾಕಿ. ಪಟ್ಟಿ ಬರದೆ ಬಿಲ್ ಪಾಸ್ ಇಲ್ಲ ಅನ್ನಿ. ಎರಡು ವರ್ಷ ಕಳೆದ ಮೇಲೆ ಬಾಗಿಲು ಮುಚ್ಚಿದ ಸಬ್ ಕಾಂಟ್ರ್ಯಾಕ್ಟರ್‌ನನ್ನು ಹುಡುಕಿ ಪಟ್ಟಿ ಕೇಳುವುದು ಆಗದ ಮಾತು.

ಯಾರಿಗಾದರೂ ಕಡಿಮೆ ಕೊಟ್ಟಿದ್ದು ಆಮೇಲೆ ಗೊತ್ತಾದರೆ ಸರಿಪಡಿಸುವ ದಾರಿ ಇದೆ. ಬಾಕಿ ಕೂಲಿಯನ್ನು ಬಡ್ಡಿ ಸಮೇತ ಕೊಟ್ಟು, ತಲಾ 5,000 ಡಾಲರ್ ದಂಡ ಸರ್ಕಾರಕ್ಕೆ ಕಟ್ಟಬೇಕು. ಬೇಕಂತಲೇ ಕಡಿಮೆ ಕೊಟ್ಟಿದ್ದರೆ ದಂಡ ಇನ್ನೂ ಜಾಸ್ತಿ.

ಈ ನಿಯಮ ತಲೆನೋವು ಅಂತ ಗೊಣಗುವವರು ಇದ್ದಾರೆ. ನನಗೆ ಇದು ನ್ಯಾಯವಾಗಿ ಕಾಣುತ್ತದೆ. ಸರ್ಕಾರ ಬಿಟ್ಟುಕೊಟ್ಟ ಟ್ಯಾಕ್ಸ್‌ನ ಒಂದು ಪಾಲು ಬಿಸಿಲಲ್ಲಿ ನಿಂತು ಚಾವಣಿ ಹಾಕಿದವನ ಮನೆಗೂ ಹೋಗಬೇಕು. ಹೊಸ ಹುಡುಗರು ಕೆಲಸ ಕಲಿಯಬೇಕು.

ಹೆಜ್ಜೆ 5: ಎಂಜಿನಿಯರ್ ಲೆಕ್ಕ ಮತ್ತು ಸರ್ಟಿಫಿಕೇಟ್

ತುಂಬಾ ಜನ ಇಲ್ಲಿ ದಾರಿ ತಪ್ಪುತ್ತಾರೆ. ಶೇ 25 ಉಳಿತಾಯ ಅಂದರೆ ಹಳೆಯ ಬಿಲ್‌ಗಿಂತ ಶೇ 25 ಕಡಿಮೆ ಅಂತಲ್ಲ. ನಿಮ್ಮ ಕಟ್ಟಡದಷ್ಟೇ ದೊಡ್ಡ, ಅದೇ ಬಳಕೆಯ ಒಂದು ಕಟ್ಟಡವನ್ನು ಕಂಪ್ಯೂಟರ್‌ನಲ್ಲಿ ಕಟ್ಟುತ್ತಾರೆ. ಅದು 90.1 ಮಾನದಂಡದ ಕನಿಷ್ಠ ಮಟ್ಟವನ್ನು ಮಾತ್ರ ಮುಟ್ಟಿದ ಕಟ್ಟಡ. ಅದರ ವರ್ಷದ ಇಂಧನ ವೆಚ್ಚಕ್ಕೂ ನಿಮ್ಮ ಕಟ್ಟಡದ ಅಂದಾಜು ವೆಚ್ಚಕ್ಕೂ ಇರುವ ಅಂತರವೇ ಉಳಿತಾಯ. ಹಾಗಾಗಿ ಹಳೆಯ ಬಿಲ್ ಇಲ್ಲದ ಹೊಸ ಕಟ್ಟಡಕ್ಕೂ ಇದು ಸಿಗುತ್ತದೆ. ಬಿಲ್ ಅರ್ಧಕ್ಕೆ ಇಳಿದ ಹಳೆಯ ಕಟ್ಟಡಕ್ಕೆ ಸಿಗದೆಯೂ ಹೋಗಬಹುದು.

90.1ರ ಯಾವ ಆವೃತ್ತಿ ಅನ್ನುವುದೂ ಮುಖ್ಯ. 2026ರ ಕೊನೆಯೊಳಗೆ ಸಿದ್ಧವಾದ ಕಟ್ಟಡಕ್ಕೆ 2007ರ ಆವೃತ್ತಿ. ಅದು ಹಳೆಯದಾದ್ದರಿಂದ ದಾಟುವುದು ಸುಲಭ. 2027 ಅಥವಾ 2028ರಲ್ಲಿ ಸಿದ್ಧವಾಗಿ, ಕೆಲಸ 2023 ಅಥವಾ ಆಮೇಲೆ ಶುರುವಾಗಿದ್ದರೆ 2019ರ ಆವೃತ್ತಿ. ಅದು ಕಠಿಣ. ಕೆಲಸ 2026ರ ಡಿಸೆಂಬರ್‌ನಲ್ಲಿ ಮುಗಿಯುವಂತಿದ್ದರೆ ಜನವರಿಗೆ ಜಾರಲು ಬಿಡಬೇಡಿ. ಅದೇ ಕಟ್ಟಡದ ಶೇಕಡಾ ಲೆಕ್ಕ ಕೆಳಗಿಳಿಯುತ್ತದೆ.

ಲೆಕ್ಕಕ್ಕೆ ಅಮೆರಿಕದ ಇಂಧನ ಇಲಾಖೆಯ ಪಟ್ಟಿಯಲ್ಲಿರುವ ಸಾಫ್ಟ್‌ವೇರ್ ಬಳಸಬೇಕು. ಸರ್ಟಿಫಿಕೇಟ್‌ಗೆ ಸಹಿ ಹಾಕುವವರು ಕಟ್ಟಡ ಇರುವ ರಾಜ್ಯದಲ್ಲಿ ಲೈಸೆನ್ಸ್ ಇರುವ ಎಂಜಿನಿಯರ್ ಅಥವಾ ಕಾಂಟ್ರ್ಯಾಕ್ಟರ್ ಆಗಿರಬೇಕು. ನಿಮಗೆ ಸಂಬಂಧಪಟ್ಟವರು ಆಗಿರಬಾರದು. ನಿಮ್ಮ ತಮ್ಮನೇ ಎಂಜಿನಿಯರ್ ಆದರೂ ಹೊರಗಿನವರಿಂದ ಮಾಡಿಸಿ. ಕಂಪ್ಯೂಟರ್ ಮಾಡೆಲ್ ಬೆಂಗಳೂರಿನ ಆಫೀಸಿನಲ್ಲಿ ತಯಾರಾದರೂ, ಸಹಿ ಆ ರಾಜ್ಯದ ಲೈಸೆನ್ಸ್ ಇರುವವರದ್ದೇ ಆಗಬೇಕು.

ಕಟ್ಟಡ ಸಿದ್ಧವಾದ ಮೇಲೆ ಅರ್ಹ ವ್ಯಕ್ತಿ ಬಂದು ಕಣ್ಣಾರೆ ನೋಡಬೇಕು. ಪ್ಲಾನ್‌ನಲ್ಲಿ ಬರೆದ ಎಸಿಯೇ ಬಂದಿದೆಯೇ, ಹೇಳಿದ ದೀಪವೇ ಹಾಕಿದ್ದಾರೆಯೇ ಅಂತ ಪರೀಕ್ಷಿಸಬೇಕು. ಕೊನೆ ಗಳಿಗೆಯಲ್ಲಿ ಅಗ್ಗದ ಮಾದರಿಗೆ ಬದಲಿಸಿದ್ದರೆ ಶೇಕಡಾ ಲೆಕ್ಕ ಅಲ್ಲೇ ಕುಸಿಯುತ್ತದೆ. ಅವರಿಗೆ ಕೊಡಲು ಅಂತಿಮ ನಕ್ಷೆ, ಕಿಟಕಿ ಮತ್ತು ಇನ್ಸುಲೇಷನ್ ವಿವರ, ಯಂತ್ರಗಳ ಮಾದರಿ ಸಂಖ್ಯೆ, ದೀಪಗಳ ಪಟ್ಟಿ ತಯಾರಿಟ್ಟುಕೊಳ್ಳಿ.

ಹೆಜ್ಜೆ 6: ಫಾರ್ಮ್ 7205

ಡಿಡಕ್ಷನ್ ಕೇಳುವುದು ಈ ಫಾರ್ಮ್‌ನಲ್ಲಿ. ಕಟ್ಟಡದ ವಿಳಾಸ, ಸಿದ್ಧವಾದ ದಿನ, ಚದರ ಅಡಿ, ಉಳಿತಾಯದ ಶೇಕಡಾ, ಸರ್ಟಿಫಿಕೇಟ್ ಕೊಟ್ಟವರ ವಿವರ ಬರೆಯಬೇಕು. ಸರ್ಟಿಫಿಕೇಟ್ ಅನ್ನು ರಿಟರ್ನ್ ಜೊತೆ ಲಗತ್ತಿಸಬೇಕಿಲ್ಲ. ಆದರೆ ಐಆರ್‌ಎಸ್ (ಅಮೆರಿಕದ ತೆರಿಗೆ ಇಲಾಖೆ) ಕೇಳಿದಾಗ ತೋರಿಸಲು ಕೈಯಲ್ಲಿ ಇರಲೇಬೇಕು.

ಹಿಂದಿನ ವರ್ಷದಲ್ಲಿ ಸಿದ್ಧವಾದ ಕಟ್ಟಡಕ್ಕೆ ಕೇಳುವುದು ಮರೆತಿದ್ದರೆ ಮಾಲೀಕರು ಸಾಮಾನ್ಯವಾಗಿ ಲೆಕ್ಕದ ವಿಧಾನ ಬದಲಿಸಲು ಹಾಕುವ ಫಾರ್ಮ್ 3115 ಬಳಸಿ ಈಗಿನ ವರ್ಷದ ರಿಟರ್ನ್‌ನಲ್ಲೇ ಹಿಡಿಯಬಹುದು. 2022 ಮತ್ತು ಅದಕ್ಕೆ ಮೊದಲಿನ ಕಟ್ಟಡಗಳಿಗೆ ದರ, ಮಿತಿ ಎರಡೂ ಬೇರೆ ಅನ್ನುವುದು ನೆನಪಿರಲಿ.

ಹಳೆಯ ಕಟ್ಟಡಕ್ಕೆ ಇನ್ನೊಂದು ದಾರಿ

ಕನಿಷ್ಠ 5 ವರ್ಷ ಹಳೆಯ ಕಟ್ಟಡಕ್ಕೆ ಮಾಡೆಲ್ ಇಲ್ಲದೆ ನಿಜವಾದ ಬಳಕೆಯ ಮೇಲೆ ಲೆಕ್ಕ ಹಾಕುವ ದಾರಿ ಇದೆ. ಮೊದಲು ಬರಹದಲ್ಲಿ ಒಂದು ರೆಟ್ರೋಫಿಟ್ (ಹಳೆಯ ಕಟ್ಟಡವನ್ನು ಸುಧಾರಿಸುವ) ಯೋಜನೆ ಮಾಡಿಸಬೇಕು. ಕೆಲಸಕ್ಕೆ ಮೊದಲಿನ ಇಂಧನ ಬಳಕೆಯನ್ನು ಲೈಸೆನ್ಸ್ ಇರುವವರು ದೃಢೀಕರಿಸಬೇಕು. ಕೆಲಸ ಮುಗಿದು ಒಂದು ವರ್ಷ ದಾಟಿದ ಮೇಲೆ ಮತ್ತೆ ಅಳೆಯಬೇಕು. ಚದರ ಅಡಿಗೆ ಆಗುವ ಬಳಕೆ ಶೇ 25 ಇಳಿದಿದ್ದರೆ ಆ ಕೊನೆಯ ಸರ್ಟಿಫಿಕೇಟ್ ಬಂದ ವರ್ಷದಲ್ಲಿ ಡಿಡಕ್ಷನ್. ಕಾಯಬೇಕು ನಿಜ. ಆದರೆ ಅಳತೆ ನಿಮ್ಮ ಮೀಟರ್‌ನದ್ದು.

ದೇವಸ್ಥಾನ, ಕನ್ನಡ ಕೂಟದ ಭವನ ಕಟ್ಟುವವರಿಗೆ

ಲಾಭರಹಿತ ಸಂಸ್ಥೆ ಟ್ಯಾಕ್ಸ್ ಕಟ್ಟುವುದಿಲ್ಲ. ಅದಕ್ಕೆ ಡಿಡಕ್ಷನ್ ಇದ್ದು ಏನು ಪ್ರಯೋಜನ? 2023ರಿಂದ ಒಂದು ಒಳ್ಳೆಯ ದಾರಿ ತೆರೆದಿದೆ. ಮೊದಲು ಸರ್ಕಾರಿ ಕಟ್ಟಡಗಳಿಗೆ ಮಾತ್ರ ಇದ್ದ ಸೌಲಭ್ಯ ಈಗ ತೆರಿಗೆ ವಿನಾಯಿತಿ ಇರುವ ಸಂಸ್ಥೆಗಳಿಗೂ ಇದೆ. ಸಂಸ್ಥೆ ತನ್ನ ಡಿಡಕ್ಷನ್ ಅನ್ನು ಕಟ್ಟಡದ ವಿನ್ಯಾಸ ಮಾಡಿದವರಿಗೆ ಬರೆದುಕೊಡಬಹುದು. ಅದು ಆರ್ಕಿಟೆಕ್ಟ್, ಎಂಜಿನಿಯರ್, ಅಥವಾ ತಾಂತ್ರಿಕ ವಿವರ ತಯಾರಿಸಿದ ಕಾಂಟ್ರ್ಯಾಕ್ಟರ್ ಆಗಿರಬಹುದು. ಬರೀ ಯಂತ್ರ ಜೋಡಿಸಿದವರಿಗೆ, ರಿಪೇರಿ ಮಾಡಿದವರಿಗೆ ಸಿಗುವುದಿಲ್ಲ.

ಇದಕ್ಕೆ ಹಂಚಿಕೆ ಪತ್ರ ಬೇಕು. ಎರಡೂ ಕಡೆಯವರ ಹೆಸರು, ವಿಳಾಸ, ಕಟ್ಟಡದ ವಿಳಾಸ, ವ್ಯವಸ್ಥೆಯ ವೆಚ್ಚ, ಸಿದ್ಧವಾದ ದಿನ, ಬಿಟ್ಟುಕೊಟ್ಟ ಮೊತ್ತ ಬರೆದು ಇಬ್ಬರೂ ಸಹಿ ಹಾಕಬೇಕು. ಡಿಸೈನರ್ ರಿಟರ್ನ್ ಹಾಕುವ ಮೊದಲೇ ಸಹಿ ಆಗಿರಬೇಕು.

ಸಮಿತಿಯ ಹಿರಿಯರಿಗೆ ನನ್ನ ವಿನಂತಿ: ಈ ಮಾತನ್ನು ಆರ್ಕಿಟೆಕ್ಟ್ ಜೊತೆ ಫೀಸ್ ಮಾತಾಡುವಾಗಲೇ ತೆಗೆಯಿರಿ. ಡಿಸೈನರ್‌ಗೆ ಕಟ್ಟಡದ ಬೇಸಿಸ್ ಕಳೆದುಕೊಳ್ಳುವ ಚಿಂತೆ ಇಲ್ಲ. ಹಾಗಾಗಿ ಅವರಿಗೆ ಇದು ನಿಜವಾದ ಲಾಭ. ಭಕ್ತರ ಕಾಣಿಕೆಯಿಂದ ಕಟ್ಟುವ ಕಟ್ಟಡದಲ್ಲಿ ಇನ್ನೂ ಒಳ್ಳೆಯ ವಿನ್ಯಾಸ ಕೊಡಿ ಅಂತ ಕೇಳಲು ಇದಕ್ಕಿಂತ ಒಳ್ಳೆಯ ಹೊತ್ತು ಇಲ್ಲ. ಕೂಲಿಯ ನಿಯಮ ಇಲ್ಲೂ ಅನ್ವಯ. ಪಟ್ಟಿ ಇಡಬೇಕಾದವರು ಸಮಿತಿ, ಯಾಕೆಂದರೆ ಕಾಂಟ್ರ್ಯಾಕ್ಟರ್‌ಗೆ ಹಣ ಕೊಡುವುದು ನೀವು.

ಕಟ್ಟಡ ಮಾರುವಾಗ

179ಡಿ ಪಡೆದ ಕಟ್ಟಡವನ್ನು ಲಾಭಕ್ಕೆ ಮಾರಿದರೆ, ಪಡೆದ ಡಿಡಕ್ಷನ್‌ನಷ್ಟು ಲಾಭ ಸಾಮಾನ್ಯ ಆದಾಯದ ದರದಲ್ಲಿ ಟ್ಯಾಕ್ಸ್‌ಗೆ ಬರುತ್ತದೆ. ಬಂಡವಾಳ ಲಾಭದ ಕಡಿಮೆ ದರ ಆ ಪಾಲಿಗೆ ಸಿಗುವುದಿಲ್ಲ. ಎರಡು ಮೂರು ವರ್ಷದಲ್ಲಿ ಮಾರುವ ಯೋಚನೆ ಇದ್ದರೆ ಡಿಡಕ್ಷನ್ ಕೇಳುವ ಮೊದಲೇ ಸಿಪಿಎ ಹತ್ತಿರ ಎರಡೂ ಕಡೆಯ ಲೆಕ್ಕ ಹಾಕಿಸಿ. ಇಟ್ಟುಕೊಳ್ಳುವವರು ಸರ್ಟಿಫಿಕೇಟ್, ಕೂಲಿ ಪಟ್ಟಿ, ಅಪ್ರೆಂಟಿಸ್ ಪತ್ರ, ಫಾರ್ಮ್ 7205ರ ಪ್ರತಿಗಳನ್ನು ಕಟ್ಟಡ ಕೈಯಲ್ಲಿ ಇರುವವರೆಗೂ, ಮಾರಿದ ವರ್ಷದ ರಿಟರ್ನ್‌ಗೆ ಐಆರ್‌ಎಸ್ ಪ್ರಶ್ನೆ ಕೇಳುವ ಅವಧಿ ಮುಗಿಯುವವರೆಗೂ ಎಸೆಯಬೇಡಿ.